ಕುರುಗೋಡಿನ ತೊಟ್ಟಿಯಲ್ಲಿ ಬೆಂದ ಭತ್ತ

ನನ್ನನ್ನು ಸಿರುಗುಪ್ಪಕ್ಕೆ ಕಳಿಸಿದ್ದು ಭತ್ತವನ್ನು ತಿರಸ್ಕರಿಸುವುದಕ್ಕೆ. ಆದೇಶದಲ್ಲಿ ‘ಪರೀಕ್ಷಿಸಿ ವರದಿ ಮಾಡುವುದು’ ಎಂದಿತ್ತು, ನಿಜ. ಆದರೆ ಬಳ್ಳಾರಿಯ ನಮ್ಮ ಧಾನ್ಯ ಕಚೇರಿಯಿಂದ ಹೊರಡುವಾಗ ಅಧಿಕಾರಿಗಳು ಹೇಳಿದ್ದು ಬೇರೆ.

“ಹೋಗಿ ಕಣ್ಣಾರೆ ನೋಡಿ ಬಾರಮ್ಮ. ನೆನದ ಭತ್ತ ಗೋದಾಮಿಗೆ ಬ್ಯಾಡ. ಇದು ಆಗೂದಿಲ್ಲ ಅಂತ ಶನಿವಾರದೊಳಗ ಬರದು ಕೊಟ್ರ, ಅಷ್ಟೂ ಅಕ್ಕಿ ಹಡಗಿಂದ ಕೇಳಾಕ ನನಗ ದಾರಿ ಆಗ್ತೈತಿ.”

ಎಪ್ಪತ್ತರ ದಶಕದ ಮೊದಲ ವರ್ಷಗಳವು. ತುಂಗಭದ್ರಾ ಕಾಲುವೆ ಬಂದ ಮೇಲೆ ಸಿರುಗುಪ್ಪ ತಾಲ್ಲೂಕಿನ ಎರೆಹೊಲಗಳು ಒಂದೊಂದಾಗಿ ಗದ್ದೆಗಳಾಗಿದ್ದವು. ಸುಗ್ಗಿಯಾದ ಮೇಲೆ ಸರ್ಕಾರ ಲೆವಿ ಎಂದು ಒಂದು ಪಾಲು ಕೊಂಡುಕೊಂಡು ಪಡಿತರ ಅಂಗಡಿಗಳಿಗೆ ಕಳಿಸುತ್ತಿತ್ತು. ಅದು ಸಾಲದಾದಾಗ ಪರದೇಶದ ಅಕ್ಕಿ ಮದರಾಸಿನ ಬಂದರಿನಲ್ಲಿ ಇಳಿದು, ಗುಂತಕಲ್ಲಿನಲ್ಲಿ ವ್ಯಾಗನ್ ಬದಲಿಸಿ ಬಳ್ಳಾರಿಗೆ ಬರುತ್ತಿತ್ತು. ಎರಡೂ ಬಗೆಯ ಅಕ್ಕಿಯನ್ನು ಪರೀಕ್ಷಿಸಿ, ಉಣ್ಣಲು ಯೋಗ್ಯವೋ ಅಲ್ಲವೋ ಎಂದು ಬರೆದು ಗೋದಾಮಿನೊಳಗೆ ಬಿಡುವುದು ನನ್ನ ಕೆಲಸವಾಗಿತ್ತು. ಆ ವರ್ಷ ಭತ್ತ ಕೊಯ್ದು ಮಲಗಿಸಿದ್ದ ಹೊತ್ತಿಗೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು, ನಮ್ಮ ಕಡೆ ಆ ಕಾಲದಲ್ಲಿ ಯಾರೂ ನಿರೀಕ್ಷಿಸದಂಥ ಮಳೆ ಹಿಡಿಯಿತು. ಬಿಟ್ಟು ಬಿಟ್ಟು ವಾರದ ಮೇಲೆ ಸುರಿಯಿತು.

ಸಿರುಗುಪ್ಪದ ಖರೀದಿ ಕೇಂದ್ರದ ಅಂಗಳಕ್ಕೆ ನಾನು ಕಾಲಿಟ್ಟಾಗ ಮಳೆ ನಿಂತಿತ್ತು, ಮೋಡ ಸರಿದಿರಲಿಲ್ಲ. ಬಂಡಿಗಳು ಸಾಲಾಗಿ ನಿಂತಿದ್ದವು. ಎರೆಮಣ್ಣು ಗಾಲಿಗಳಿಗೆ ಹತ್ತಿಕೊಂಡು ಅವು ಎರಡರಷ್ಟು ದಪ್ಪವಾಗಿದ್ದವು. ಬಂಡಿಯಲ್ಲಿದ್ದದ್ದು ನೀರಿನೊಳಗಿಂದ ಎತ್ತಿ, ಬಡಿದು, ಒಣಗಿಸಲಾಗದೆ ಹಾಗೇ ಚೀಲಕ್ಕೆ ತುಂಬಿದ ಭತ್ತ. ನನ್ನ ಹತ್ತಿರ ಚೀಲಕ್ಕೆ ಚುಚ್ಚಿ ಕಾಳು ತೆಗೆಯುವ ಹಿತ್ತಾಳೆಯ ಕೊಳವೆ, ತೇವಾಂಶ ಅಳೆಯುವ ಪೆಟ್ಟಿಗೆ, ಒಂದು ಬಿಳಿ ಪಿಂಗಾಣಿ ತಟ್ಟೆ ಇದ್ದವು. ತೇವದ ಪೆಟ್ಟಿಗೆಯನ್ನು ತೆರೆಯಬೇಕಾಗಿಯೇ ಇರಲಿಲ್ಲ. ಕಾಳನ್ನು ಹಲ್ಲಿನ ನಡುವೆ ಇಟ್ಟು ಕಚ್ಚಿದರೆ ಕಟ್ ಎನ್ನಬೇಕು. ಅದು ಹಿಸುಕಿದಂತೆ ಚಪ್ಪಟೆಯಾಗುತ್ತಿತ್ತು.

ಮೊದಲ ಬಂಡಿಯ ಭತ್ತವನ್ನು ತಟ್ಟೆಗೆ ಸುರಿದು ಬೆರಳಿನಿಂದ ಬೇರ್ಪಡಿಸಿದೆ. ಮೊಳಕೆ ಬಂದದ್ದು, ಬಣ್ಣ ತಿರುಗಿದ್ದು, ಕಪ್ಪಾದದ್ದು. ತಿರಸ್ಕರಿಸಿದೆ. ಎರಡನೆಯದೂ ಹಾಗೇ. ಬಂಡಿಯವರು ಜಗಳವಾಡಲಿಲ್ಲ. ನಾನು ತಲೆಯಾಡಿಸಿದ ಕೂಡಲೇ ಎತ್ತುಗಳನ್ನು ತಿರುಗಿಸಿ ಹೊರಟುಬಿಡುತ್ತಿದ್ದರು. ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು.

ಸಾಲಿನ ಕೊನೆಯ ಬಂಡಿ ಕರೂರಿನದು. ಬಂಡಿಯ ಮುಂದೆ ನಿಂತಿದ್ದವಳು ನಲವತ್ತರ ಆಸುಪಾಸಿನ ಹೆಣ್ಣುಮಗಳು. ಮಾತಿನ ನಡುವೆ ತಿಳಿದದ್ದು: ಹುಟ್ಟಿದಾಗಿನಿಂದ ಬೇರೆಯವರ ಗದ್ದೆಯಲ್ಲಿ ನಾಟಿ ಮಾಡಿದವಳು, ಹಿಂದಿನ ವರ್ಷ ಅವರ ಕೇರಿಯ ಕೆಲವರಿಗೆ ಸರ್ಕಾರದಿಂದ ಜಮೀನು ಸಿಕ್ಕಿತ್ತು, ಇದು ಸ್ವಂತ ನೆಲದ ಮೊದಲ ಬೆಳೆ. ಗಂಡ ಕಾಲುವೆಯ ಮೇಲೆ ನೀರು ಕಾಯುವ ಕೆಲಸಕ್ಕೆ ಹೋಗುತ್ತಿದ್ದನಾದ್ದರಿಂದ ಗದ್ದೆ ಆಕೆಯದೇ ಹೊಣೆ.

ಕೊಳವೆ ಚುಚ್ಚಲು ಹೋದವಳನ್ನು ಆಕೆ ತಡೆದಳು. “ಅದು ಬ್ಯಾಡ್ರಿ ಅಮ್ಮಾರ. ಕೈ ಹಾಕಿ ನೋಡ್ರಿ.”

ಚೀಲದ ಬಾಯಿ ಬಿಚ್ಚಿ ಮೊಣಕೈವರೆಗೆ ತೋಳು ಇಳಿಸಿದೆ. ಒಳಗೆ ಬಿಸಿ ಇತ್ತು. ಜ್ವರ ಬಂದ ಮಗುವಿನ ಹೊಟ್ಟೆಯ ಮೇಲೆ ಕೈ ಇಟ್ಟಂತೆ.

“ಮುಂಜಾನಿ ಇಷ್ಟು ಇದ್ದಿಲ್ಲ,” ಎಂದಳು. “ಹೊತ್ತೇರಿದಂಗ ಏರಾಕತೈತಿ. ನಾಳಿಗಿ ಇದು ಮೊಳಕಿ ಒಡಿತೈತಿ. ಇವತ್ತು ಇನ್ನೂ ಅಕ್ಕಿ ಐತ್ರಿ ಒಳಗ.”

ತಟ್ಟೆಗೆ ಸುರಿದು ನೋಡಿದೆ. ಆಕೆ ಹೇಳಿದ್ದು ಸರಿಯಾಗಿತ್ತು. ಮೊಳಕೆ ಬಂದ ಕಾಳುಗಳು ಅಲ್ಲಲ್ಲಿ ಮಾತ್ರ ಇದ್ದವು. ಆಕೆ ಕೊಯ್ದದ್ದು ಸ್ವಲ್ಪ ತಡವಾಗಿ. ತೆನೆ ನೀರಿನಲ್ಲಿ ಮಲಗಿರಲಿಲ್ಲ, ಮಳೆಯಲ್ಲಿ ನಿಂತೇ ನೆನೆದಿತ್ತು. ಅಂಗಳದಲ್ಲಿ ಇನ್ನೂ ಅಂಥ ಬಂಡಿಗಳು ಇರಬಹುದೆಂದು ಹಿಂದೆ ಬಂದು ನಿಂತವನ್ನೂ ನೋಡಿದೆ. ಇದ್ದವು. ನಮ್ಮ ನಿಯಮದ ಪ್ರಕಾರ ಎಲ್ಲಕ್ಕೂ ಒಂದೇ ಉತ್ತರ, ತೇವ ಹೆಚ್ಚು. ಒಣಗಿಸಿ ತನ್ನಿ ಎನ್ನಲು ಬಿಸಿಲೇ ಇರಲಿಲ್ಲ.

ಕಾಳು ಬದುಕಿದೆ, ಉಸಿರಾಡುತ್ತಿದೆ, ಅದಕ್ಕೇ ರಾಶಿ ಬಿಸಿಯಾಗುತ್ತದೆ ಎಂದು ನಮ್ಮ ತರಬೇತಿಯಲ್ಲಿ ಕಲಿಸಿದ್ದರು. ಆ ಉಸಿರನ್ನು ನಿಲ್ಲಿಸಿದರೆ ಮೊಳಕೆಯೂ ನಿಲ್ಲುತ್ತದೆ. ನಿಲ್ಲಿಸುವುದಕ್ಕೆ ಇರುವ ದಾರಿ ಉಗಿ. ಭತ್ತವನ್ನು ಸಿಪ್ಪೆಯ ಸಮೇತ ನೆನೆಸಿ, ಉಗಿಯಲ್ಲಿ ಬೇಯಿಸಿ, ಆಮೇಲೆ ಒಣಗಿಸಿ ಅಕ್ಕಿ ಮಾಡುವುದು. ಕರಾವಳಿಯವರು ದಿನಾ ಉಣ್ಣುವ ಕುಚ್ಚಲಕ್ಕಿ ಅದೇ. ನಮ್ಮ ಬಳ್ಳಾರಿ ಸೀಮೆಯಲ್ಲಿ ಅದನ್ನು ಉಣ್ಣುವವರಿಲ್ಲ, ಆದ್ದರಿಂದ ಮಾಡುವವರೂ ಇಲ್ಲ ಎಂದುಕೊಂಡಿದ್ದೆ. ಖರೀದಿ ಕೇಂದ್ರದ ಗುಮಾಸ್ತರನ್ನು ಕೇಳಿದಾಗ ಅವರು ತಲೆ ಕೆರೆದುಕೊಂಡು, “ಕುರುಗೋಡಿನ್ಯಾಗ ಒಂದು ಮಿಲ್ಲಿಗೆ ತೊಟ್ಟಿ ಅದಾವ್ರಿ. ಈಗ ಅದರಾಗ ಹೊಟ್ಟು ತುಂಬ್ಯಾರ,” ಎಂದರು.

ಅಂದು ಮಧ್ಯಾಹ್ನವೇ ಕುರುಗೋಡಿನ ಬಸ್ಸು ಹಿಡಿದೆ.

ಮಿಲ್ಲಿನ ಮಾಲೀಕರು ಗೋದಾವರಿ ಕಡೆಯವರು, ಕಾಲುವೆ ಬಂದ ಹೊಸತರಲ್ಲಿ ಇಲ್ಲಿಗೆ ಬಂದು ನೆಲೆಸಿದ್ದ ಹಿರಿಯರು. ಅವರು ತೊಟ್ಟಿ ಕಟ್ಟಿಸಿದ್ದು ಕುಚ್ಚಲಕ್ಕಿ ಮಾಡಿ ಮಲಬಾರಿಗೆ ಕಳಿಸುವುದಕ್ಕೆ. ಆಮೇಲೆ ಅಕ್ಕಿ ಜಿಲ್ಲೆಯ ಗಡಿ ದಾಟಬಾರದು ಎಂಬ ನಿರ್ಬಂಧ ಬಂತು. ತೊಟ್ಟಿಗಳು ನಿಂತವು.

“ಉಪ್ಪುಡು ಬಿಯ್ಯಮಾ?” ಎಂದು ಕುಚ್ಚಲಕ್ಕಿಗೆ ತಮ್ಮ ತೆಲುಗಿನ ಹೆಸರು ಹೇಳಿ ಅವರು ನಕ್ಕರು. “ಅಮ್ಮಾ, ಇಲ್ಲಿ ಯಾರ್ ತಿಂತಾರ ಅದನ್ನ? ನಾಯಿ ಸುದ್ದಾ ಮೂಸಿ ನೋಡಲ್ಲ.”

“ತಿನ್ನೋರು ಆಮೇಲೆ ನೋಡೋಣ ಸಾವ್ಕಾರ್ರ. ಈಗ ಕೊಳೆಯೋದು ನಿಲ್ಲಿಸಬೇಕು. ಬಾಯ್ಲರ್ ನಡಿತೈತಾ?”

ಅವರು ನನ್ನನ್ನು ಹಿಂದಕ್ಕೆ ಕರೆದುಕೊಂಡು ಹೋದರು. ಗುಡ್ಡದ ಕಡೆ ಮುಖ ಮಾಡಿದ ಸಿಮೆಂಟಿನ ತೊಟ್ಟಿಗಳು, ಅವುಗಳ ತಳಕ್ಕೆ ಹೋಗುವ ಕಬ್ಬಿಣದ ಕೊಳವೆಗಳು. ಬಾಯ್ಲರ್ ಇನ್ನೂ ನಡೆಯುತ್ತಿತ್ತು, ಮಿಲ್ಲನ್ನೇ ಅದರ ಉಗಿ ತಿರುಗಿಸುತ್ತಿತ್ತು. ತೊಟ್ಟಿಗೆ ಹೋಗುವ ಕೊಳವೆ ತುಕ್ಕು ಹಿಡಿದಿತ್ತು. ಅವರು ಅದನ್ನು ಬೆರಳಿನಿಂದ ತಟ್ಟಿ ನೋಡಿದರು, ಇನ್ನೊಮ್ಮೆ ತಟ್ಟಿದರು. ಕೈಬಿಟ್ಟ ಕಸುಬು ಮತ್ತೆ ಕೈಗೆ ಬರುವುದೇನೋ ಎಂಬ ಆಸೆ ಅವರ ಮುಖದಲ್ಲಿ ಕಂಡಿತು.

“ನನ್ನದೇ ಭತ್ತ ನೆನದು ಕೂತೈತಿ,” ಎಂದರು. “ಮೊದಲು ಅದನ್ನ ಹಾಕೋಣ. ಕೆಟ್ರೆ ನನ್ನದು ಕೆಡ್ಲಿ.”

ಮಾರನೆಯ ದಿನ ಹೊಟ್ಟು ತೆಗೆದು ತೊಟ್ಟಿ ತೊಳೆಸಿದರು. ಸುದ್ದಿ ಹರಡಿ, ಸಿರುಗುಪ್ಪದಿಂದ ಹಿಂದಿರುಗಿದ ಕೆಲವು ಬಂಡಿಗಳು ಕುರುಗೋಡಿನ ದಾರಿ ಹಿಡಿದವು. ಕರೂರಿನ ಹೆಣ್ಣುಮಗಳೂ ಬಂದಳು. ಬಂಡಿಯಲ್ಲಿಯೇ ಚೀಲಗಳ ಬಾಯಿ ತೆರೆದಿಟ್ಟು, ಆಗಾಗ ಕೈಯಿಂದ ಭತ್ತವನ್ನು ಮೇಲೆ ಕೆಳಗೆ ಮಾಡುತ್ತ ಕುಳಿತಳು, ಕಾವು ಹೊರಹೋಗಲಿ ಎಂದು.

ಮೊದಲ ತೊಟ್ಟಿ ಕೆಟ್ಟಿತು.

ಮಾಲೀಕರಿಗೆ ಗೊತ್ತಿದ್ದದ್ದು ಹಳೆಯ ಪದ್ಧತಿ: ತಣ್ಣೀರಿನಲ್ಲಿ ದಿನಗಟ್ಟಲೆ ನೆನೆಹಾಕಿ ಆಮೇಲೆ ಉಗಿ ಕೊಡುವುದು. ಒಣ ಭತ್ತಕ್ಕೆ ಅದು ನಡೆಯುತ್ತದೆ. ಇದು ಮೊದಲೇ ಮಳೆಯಲ್ಲಿ ನೆನೆದು ಒಳಗೊಳಗೇ ಹುಳಿಯಲು ಶುರುವಾಗಿದ್ದ ಭತ್ತ. ಒಂದೇ ದಿನಕ್ಕೆ ನೀರಿನ ಮೇಲೆ ನೊರೆ ಬಂತು, ವಾಸನೆ ಎದ್ದಿತು. ಅವಸರದಲ್ಲಿ ಉಗಿ ಹಾಯಿಸಿ ಒಣಗಲು ಹರವಿದೆವು. ಆಗ ಸರಿಯಾಗಿ ಮೋಡ ಹರಿದು ಚುರುಕು ಬಿಸಿಲು ಬಿತ್ತು. ಎಲ್ಲರೂ ಸಂತೋಷಪಟ್ಟರು. ಆ ಬಿಸಿಲೇ ಉಳಿದದ್ದನ್ನೂ ಕೆಡಿಸಿತು. ಬೆಂದ ಕಾಳು ಥಟ್ಟನೆ ಒಣಗಿ ಒಳಗೇ ಸೀಳಿತು. ಗಿರಣಿಗೆ ಹಾಕಿದಾಗ ಬಂದದ್ದು ಕಂದುಬಣ್ಣದ ನುಚ್ಚು, ನಾತ ಬೇರೆ.

ಮಾಲೀಕರು ಒಂದು ಹಿಡಿ ತೆಗೆದುಕೊಂಡು ಮೂಸಿ ಕೆಳಗೆ ಬಿಟ್ಟರು. ಬಂಡಿಗಳವರು ಎತ್ತು ಹೂಡತೊಡಗಿದರು. ಕೋಳಿಗೆ ಹಾಕುವವರಿಗಾದರೂ ಮಾರೋಣ ಎಂದು ಒಬ್ಬರು ಅಂದರು. ಸಂಜೆಯ ಹೊತ್ತಿಗೆ ಅಂಗಳದಲ್ಲಿ ಉಳಿದದ್ದು ಒಂದೇ ಬಂಡಿ.

ನಾನು ಆಕೆಯ ಹತ್ತಿರ ಹೋಗಿ, “ಅಕ್ಕ, ನೀನೂ ನೋಡಿದೆಲ್ಲ. ನನಗ ಮಾತು ಕೊಡಾಕ ಆಗೂದಿಲ್ಲ,” ಎಂದೆ.

“ನೋಡಿನ್ರಿ. ಯಾಕ ಕೆಟ್ಟಿತು ಅಂತ ನಿಮಗ ಗೊತ್ತಾತೇನು?”

“ಗೊತ್ತಾಗೇತಿ. ನೀರು ತಣ್ಣಗಿದ್ದದ್ದು ಒಂದು. ಬಿಸಿಲು ಒಮ್ಮೆಲೇ ಬಡದದ್ದು ಇನ್ನೊಂದು.”

“ಮತ್ತ ನೀರು ಕಾಸ್ರಿ. ನಂದು ಹಾಕ್ರಿ.” ಆಕೆ ಚೀಲದ ಮೇಲೆ ಕೈಯಿಟ್ಟಳು. “ಊರಿಗೆ ಹೊತ್ತೊಯ್ದು ಏನ್ ಮಾಡ್ಲಿ? ದಾರ್ಯಾಗ ಗೊಬ್ಬರ ಆಗ್ತೈತಿ. ಕೆಟ್ರ ಕೆಡ್ತೈತಿ, ಕೆಡೂದನ್ನ ಕಣ್ಣಿಲೆ ನೋಡಿ ಹೋಗ್ತೀನಿ.”

ಮಾಲೀಕರು ದೂರದಿಂದಲೇ ಕೇಳಿಸಿಕೊಂಡಿರಬೇಕು. ಬೆಳಿಗ್ಗೆ ನಾನು ಬರುವಷ್ಟರಲ್ಲಿ ಬಾಯ್ಲರಿನಿಂದ ತೊಟ್ಟಿಯ ನೀರಿಗೇ ಉಗಿ ಹಾಯುವಂತೆ ಕೊಳವೆ ತಿರುಗಿಸಿದ್ದರು. ಬಿಸಿನೀರಿನ ಪದ್ಧತಿ ನಾನು ತರಬೇತಿಯಲ್ಲಿ ಒಮ್ಮೆ ನೋಡಿದ್ದೆ, ಕೈಯಾರೆ ಮಾಡಿರಲಿಲ್ಲ. ಅವರು ಹಳೆಯ ಪದ್ಧತಿಯಲ್ಲಿ ಪಳಗಿದವರು, ಇದನ್ನು ನೋಡಿರಲಿಲ್ಲ. ಇಬ್ಬರ ತಿಳಿವಳಿಕೆಯನ್ನೂ ಕೂಡಿಸಿ ಹೊರಟೆವು. ನೀರು ಕುದಿಯಬಾರದು, ಕುದಿದರೆ ಸಿಪ್ಪೆ ಒಡೆದು ಕಾಳು ಅರಳಿಬಿಡುತ್ತದೆ. ಬೆರಳು ಅದ್ದಿದರೆ ಒಡನೆ ಹಿಂದೆಳೆದುಕೊಳ್ಳುವಷ್ಟು ಬಿಸಿ ಇರಬೇಕು, ಅಷ್ಟನ್ನೇ ಕಾಪಾಡಬೇಕು. ಮೊದಲು ಭತ್ತವನ್ನು ತಣ್ಣೀರಿನಲ್ಲಿ ಒಮ್ಮೆ ತೊಳೆದು, ತೇಲಿದ ಜೊಳ್ಳನ್ನೂ ಮೊಳಕೆ ಬಂದ ಹಗುರ ಕಾಳನ್ನೂ ಬುಟ್ಟಿಯಿಂದ ತೆಗೆದೆವು. ಆಕೆ ಸೀರೆ ಎತ್ತಿ ಕಟ್ಟಿ ತೊಟ್ಟಿಯಂಚಿನಲ್ಲಿ ನಿಂತು ತೇಲಿದ್ದನ್ನೆಲ್ಲ ಬಳಿದಳು. ತನ್ನ ಬೆಳೆಯಲ್ಲಿ ಕೆಟ್ಟದ್ದು ಎಷ್ಟು ಎಂದು ಆಕೆಗೆ ಅಲ್ಲೇ ಕಂಡಿತು. ಒಂದು ಪಾಲು ಹೋಯಿತು. ಬುಟ್ಟಿಯನ್ನು ಪಕ್ಕಕ್ಕಿಟ್ಟು ಮತ್ತೆ ಬಾಗಿದಳು.

ಮಧ್ಯಾಹ್ನ ದಾಟಿದ ಮೇಲೆ ಕಾಳನ್ನು ಹಿಚುಕಿ ನೋಡಿದರೆ ನಡುವಿನ ಬಿಳಿಚುಕ್ಕೆ ಹೋಗಿ ಪೂರಾ ಮೆತ್ತಗಾಗಿತ್ತು. ನೀರು ಬಸಿದು ಉಗಿ ಬಿಟ್ಟೆವು. ಮೇಲಿನ ಕಾಳುಗಳ ಸಿಪ್ಪೆ ತುದಿಯಲ್ಲಿ ಸಣ್ಣಗೆ ಬಾಯಿ ಬಿಡುತ್ತಲೇ ಮಾಲೀಕರು “ಚಾಲು!” ಎಂದರು. ತೆಲುಗಿನಲ್ಲಿ, ಸಾಕು ಎಂದು. ಉಗಿ ನಿಲ್ಲಿಸಿದರು. ಬೆಂದ ಭತ್ತದ ವಾಸನೆ ಅಂಗಳದ ತುಂಬ ಹರಡಿತು. ಹಿಂದಿನ ದಿನದ ಹುಳಿನಾತ ಅದರಲ್ಲಿರಲಿಲ್ಲ.

ಒಣಗಿಸುವುದರಲ್ಲಿ ನಾವು ಪಾಠ ಕಲಿತಿದ್ದೆವು. ತೆಳ್ಳಗೆ ಹರವಿ, ಕಾಲಿನಿಂದ ಗೆರೆ ಎಳೆಯುತ್ತ ತಿರುವಿ, ಅರ್ಧ ಒಣಗಿದ ಕೂಡಲೇ ಬಿಸಿಲಿನಿಂದ ಎತ್ತಿ ನೆರಳಿನಲ್ಲಿ ರಾಶಿ ಮಾಡಿ ಗೋಣಿ ಹೊದಿಸಿದೆವು. ಒಳಗಿನ ತೇವ ನಿಧಾನಕ್ಕೆ ಹೊರಗೆ ಬರಲಿ ಎಂದು. ಆಮೇಲೆ ಮತ್ತೆ ಹರವಿದೆವು. ಗಿರಣಿಯಿಂದ ಅಕ್ಕಿ ಇಳಿದಾಗ ನಾನು ಬಿಳಿ ತಟ್ಟೆ ಹಿಡಿದೆ. ಅಕ್ಕಿಗೆ ಜೇನಿನಂಥ ತಿಳಿ ಬಣ್ಣ ಬಂದಿತ್ತು. ಗಟ್ಟಿಯಾಗಿತ್ತು, ನುಚ್ಚು ಬಹಳ ಕಡಿಮೆ. ಹಲ್ಲಿನ ನಡುವೆ ಇಟ್ಟು ಕಚ್ಚಿದೆ.

“ಕಟ್ ಅಂತೇನ್ರಿ?” ಆಕೆ ಕೇಳಿದಳು.

“ಅಂತು.”

ಆಕೆ ತಾನೂ ಒಂದು ಕಾಳು ಬಾಯಿಗೆ ಹಾಕಿಕೊಂಡಳು. ಅಗಿದು ನುಂಗಿ, “ಈ ಬಣ್ಣದ ಅಕ್ಕಿ ನಾ ಕಂಡಿಲ್ಲ,” ಎಂದಳು. ಅಷ್ಟು ದಿನದಲ್ಲಿ ಆಕೆ ಮೊದಲ ಸಲ ಬಂಡಿಯಿಂದ ದೂರ ಹೋಗಿ, ಮಿಲ್ಲಿನ ಗೋಡೆಗೆ ಒರಗಿ ಕಾಲು ಚಾಚಿ ಕುಳಿತಳು.

ಶನಿವಾರ ನಾನು ಬಳ್ಳಾರಿಗೆ ಬಂದೆ, ಕೈಚೀಲದಲ್ಲಿ ಎರಡು ಸೇರು ಕುಚ್ಚಲಕ್ಕಿ. ಬ್ರೂಸ್‌ಪೇಟೆಯ ನಮ್ಮ ಮನೆಯಲ್ಲಿ ಅವ್ವನಿಗೆ ಅದನ್ನು ಕೊಟ್ಟು ಅನ್ನ ಮಾಡಲು ಹೇಳಿದೆ. ಬಹಳ ಹೊತ್ತು ಬೇಯುತ್ತದೆ, ನೀರು ಹೆಚ್ಚು ಬೇಕು ಎಂದೂ ಹೇಳಿದ್ದೆ. ಅವ್ವ ನಾನು ಹೇಳಿದಂತೆಯೇ ಮಾಡಿದಳು. ಬೇಳೆ ಹಾಕಿಕೊಂಡು ಎರಡು ತುತ್ತು ಉಂಡು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

“ಅಕ್ಕಿ ಚಲೋ ಐತಿ. ನನ್ನ ಬಾಯಿಗೆ ಹತ್ತವಲ್ದು.”

“ಪಡಿತರದಾಗ ಕೊಟ್ರ ಮಂದಿ ಒಯ್ತಾರೇನು?”

“ಒಯ್ದು ಎಮ್ಮಿಗೆ ಹಾಕ್ತಾರ. ಮೊದ್ಲಿಂದ ಉಂಡಾವರ ಉಣ್ಣಬೇಕಲ್ಲ.”

ಅವ್ವ ಸುಳ್ಳು ಹೇಳುವವಳಲ್ಲ. ಕಚೇರಿಗೆ ಹೋಗುವ ದಾರಿಯುದ್ದಕ್ಕೂ ಆ ಮಾತೇ ಕಿವಿಯಲ್ಲಿತ್ತು. ನಾವು ಅಷ್ಟು ಕಷ್ಟಪಟ್ಟು ಉಳಿಸಿದ ಅಕ್ಕಿ ನಮ್ಮ ಜಿಲ್ಲೆಯವರು ಉಣ್ಣದ ಅಕ್ಕಿ. ನಮ್ಮ ಗೋದಾಮಿನ ನಿಯಮದಲ್ಲಿಯೂ ಬೆಳ್ತಿಗೆ, ಅಂದರೆ ಬೇಯಿಸದೆ ಮಾಡಿದ ಬಿಳಿ ಅಕ್ಕಿಗೆ ಮಾತ್ರ ಜಾಗವಿತ್ತು. ಅಧಿಕಾರಿಗಳ ಮೇಜಿನ ಮೇಲೆ ಸಿರುಗುಪ್ಪದ ವರದಿಯ ಕಾಗದ ಸಹಿಗಾಗಿ ಸಿದ್ಧವಾಗಿತ್ತು: ‘ತಾಲ್ಲೂಕಿನ ಭತ್ತ ಖರೀದಿಗೆ ಯೋಗ್ಯವಿಲ್ಲ.’

“ಸಹಿ ಮಾಡಮ್ಮ,” ಎಂದರು. “ಸೋಮವಾರ ಬೆಂಗಳೂರಿಗೆ ಹೋಗಬೇಕು ಇದು.”

ಪೆನ್ನು ಕೈಯಲ್ಲಿ ಹಿಡಿದೆ. ಸಹಿ ಮಾಡಿದರೆ ಸುಳ್ಳು ಹೇಳಿದಂತಾಗುತ್ತಿರಲಿಲ್ಲ. ಸಿರುಗುಪ್ಪದ ಅಂಗಳದಲ್ಲಿ ನಾನು ಕಂಡ ಭತ್ತದಲ್ಲಿ ಬಹುಪಾಲು ನಿಜಕ್ಕೂ ಹೋಗಿತ್ತು. ಆದರೆ ಆ ಒಂದು ಸಾಲು ಒಪ್ಪಿದರೆ ಖರೀದಿ ಕೇಂದ್ರ ಅಂದೇ ಬಾಗಿಲು ಹಾಕುತ್ತಿತ್ತು. ಉಳಿಸಬಹುದಾದ ಬಂಡಿಗಳಿಗೂ ಹೋಗಲು ಜಾಗವಿರುತ್ತಿರಲಿಲ್ಲ.

“ತಾಲ್ಲೂಕು ಅಂತ ಬರದ್ರ ನಾ ಸಹಿ ಮಾಡೂದಿಲ್ಲ ಸರ್. ಬಂಡಿ ಬಂಡಿ ನೋಡಿ ಬರೀತೀನಿ,” ಎಂದೆ. ಕುರುಗೋಡಿನ ಅಕ್ಕಿಯನ್ನು ಅವರ ಮುಂದೆ ಕಾಗದದ ಮೇಲೆ ಸುರಿದೆ. ನಡೆದದ್ದನ್ನೆಲ್ಲ ಹೇಳಿದೆ. ಕೆಟ್ಟ ತೊಟ್ಟಿಯನ್ನೂ, ಅವ್ವನ ಮಾತನ್ನೂ ಬಿಡಲಿಲ್ಲ.

ಅವರು ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

“ನೀ ಹಡಗಿನ ಅಕ್ಕಿ ಅಂದ್ರ ಮುಖ ಸಿಂಡರಿಸ್ತಿ,” ಎಂದರು. “ನಾ ಹಂಗಲ್ಲ. ಕಾಲುವಿ ಬರೂದಕ್ಕ ಮೊದ್ಲು, ನಮ್ಮ ಮನ್ಯಾಗ ಒಲಿ ಹಚ್ಚದ ದಿನ ಇದ್ವು. ಆಗ ಬರ್ಮಾದ ಅಕ್ಕಿ ಬಂತು, ಮುಗ್ಗಿದ್ದು. ಅದನ್ನ ನಮ್ಮಪ್ಪ ಎರಡು ಕೈಯಾಗ ಹಿಡಕೊಂಡು ಅತ್ತಾನ. ಮೊನ್ನಿ ಮೊನ್ನಿ ಅಮೆರಿಕದ ಕೆಂಪು ಜೋಳ ಬಂದಾಗ ಮಂದಿ ಬೈಕೊಂತ ರೊಟ್ಟಿ ಬಡದ್ರು. ಬೈಯಾಕಾದ್ರೂ ಜೀವ ಉಳದಿತ್ತಲ್ಲ. ಇಲ್ಲಿ ಮಳಿ ಬಂದು ಕೆಟ್ರ, ಅಲ್ಲಿಂದ ತರಬೇಕು. ಅದರಾಗ ನಾಚಿಕಿ ಏನೈತಿ?”

“ನಾಚಿಕಿ ಇಲ್ಲ ಸರ್. ಆದ್ರ ಇಲ್ಲಿ ಇರೂದನ್ನ ಕೆಡಿಸಿ ಅಲ್ಲಿಂದ ಯಾಕ ತರಬೇಕು? ಹಡಗು ಒಂದು ವರ್ಷ ಬರಲಿಲ್ಲ ಅಂದ್ರ? ಆ ಹೆಣ್ಮಗಳನ್ನ ಈ ಸಲ ಕೈಬಿಟ್ರ ಆಕಿ ಬರೂ ವರ್ಷ ಭತ್ತ ಹಾಕೂದಿಲ್ಲ. ಅವಾಗ ಹಡಗೂ ಇಲ್ಲ, ಗದ್ದಿನೂ ಇಲ್ಲ.”

“ಇದನ್ನ ಉಣ್ಣಾವರು ಯಾರು, ಅದನ್ನ ಹೇಳು.”

“ಅದು ನನಗ ಗೊತ್ತಿಲ್ಲ ಸರ್,” ಎಂದೆ. ಅವರು ಕಾಗದದ ಮೇಲಿನ ಅಕ್ಕಿಯನ್ನು ಬೆರಳಿನಿಂದ ಹರವುತ್ತ ಕುಳಿತರು. ಹೊರಗೆ ಗೂಡ್ಸ್ ಶೆಡ್ಡಿನ ಕಡೆಯಿಂದ ವ್ಯಾಗನ್ ಸರಿಸುವ ಸದ್ದು ಬರುತ್ತಿತ್ತು. ಆಮೇಲೆ ಅವರು ಕಪಾಟಿನ ಕಡೆ ಹೋಗಿ ಒಂದು ಕಡತ ತಂದರು. ಕರಾವಳಿಯ ಗೋದಾಮುಗಳಿಗೂ ಅದೇ ಹಡಗಿನಿಂದ ಅಕ್ಕಿ ಹಂಚಬೇಕಿತ್ತು. ಅಲ್ಲಿಯ ಕಚೇರಿ ಪದೇ ಪದೇ ಕೇಳಿತ್ತು: ನಮ್ಮ ಜನಕ್ಕೆ ಕುಚ್ಚಲಕ್ಕಿ ಬೇಕು, ಬೆಳ್ತಿಗೆ ಕಳಿಸಿದರೆ ಅಂಗಡಿಯಲ್ಲೇ ಉಳಿಯುತ್ತದೆ.

“ಅವರ ಪಾಲಿನ ಬಿಳಿ ಅಕ್ಕಿ ನಮಗ ಬರ್ಲಿ. ನಮ್ಮ ಕುಚ್ಚಲಕ್ಕಿ ಅವರಿಗೆ ಹೋಗ್ಲಿ,” ಎಂದರು, ತಮಗೆ ತಾವೇ ಹೇಳಿಕೊಳ್ಳುವಂತೆ. “ಲಾರ‍್ಯಾಗ ಘಟ್ಟ ಇಳಿಸಬೇಕು. ಪರ್ಮಿಟ್ ಬೇಕು. ಅಲ್ಲಿಯವರು ಮೊದ್ಲು ಒಂದು ಲಾರಿ ನೋಡ್ಲಿ. ಬ್ಯಾಡ ಅಂದ್ರ ವಾಪಸ್ ಬರ್ತೈತಿ, ಆವಾಗ ನಾವಿಬ್ರೂ ಉತ್ತರ ಕೊಡಬೇಕು. ಯೋಗ್ಯ ಅಂತ ಬರದು ಸಹಿ ಮಾಡ್ತಿ ಏನು?”

“ಮಾಡ್ತೀನಿ.”

ಮಾಡಿದೆ. ಅವರು ಟ್ರಂಕ್ ಕಾಲ್ ಬುಕ್ ಮಾಡಿ, ಲೈನ್ ಸಿಗುವ ತನಕ ಊಟಕ್ಕೂ ಏಳದೆ ಕುಳಿತರು. ಸಿಕ್ಕ ಮೇಲೆ ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ ಗಂಟಲು ಹರಿಯುವಂತೆ ಕೂಗಿ ಮಾತಾಡಿದರು.

ಮೊದಲ ಲಾರಿ ಹೋಯಿತು. ಅದರಲ್ಲಿ ಕರೂರಿನ ಹೆಣ್ಣುಮಗಳ ಅಕ್ಕಿಯೂ ಇತ್ತು. ಉತ್ತರ ಬರುವವರೆಗೆ ಕಾಯುವಂತಿರಲಿಲ್ಲ. ಕಾದರೆ ಬಂಡಿಗಳಲ್ಲಿದ್ದದ್ದು ಕೆಡುತ್ತಿತ್ತು. ನಾನು ಕುರುಗೋಡಿಗೆ ವಾಪಸು ಹೋಗಿ ಮಿಲ್ಲಿನಲ್ಲಿ ತಳವೂರಿದೆ. ಬಂದ ಭತ್ತವನ್ನು ಮೂರಾಗಿ ವಿಂಗಡಿಸುತ್ತಿದ್ದೆ: ತೊಟ್ಟಿಗೆ ಹೋಗುವುದು, ಬಿಸಿಲಿಗೆ ಹೋಗುವುದು, ದನಕ್ಕೆ ಹೋಗುವುದು. ಮೂರನೆಯದನ್ನು ಹೇಳುವಾಗ ಪ್ರತಿ ಸಲವೂ ಎದುರಿಗಿದ್ದವರ ಮುಖ ನೋಡಿಯೇ ಹೇಳುತ್ತಿದ್ದೆ. ಅಷ್ಟನ್ನಾದರೂ ಅವರಿಗೆ ಸಲ್ಲಿಸಬೇಕು ಅನ್ನಿಸುತ್ತಿತ್ತು. ಮಾಲೀಕರು ಇನ್ನೊಂದು ತೊಟ್ಟಿಯನ್ನೂ ತೆರೆದರು. ನಡುವೆ ಒಮ್ಮೆ ಉಗಿಯ ಕೊಳವೆ ಒಡೆದು ಒಂದಿಡೀ ದಿನ ಕೆಲಸ ನಿಂತಿತು. ಬಳ್ಳಾರಿಯಿಂದ ಬೆಸುಗೆಯವರು ಬರುವಷ್ಟರಲ್ಲಿ ಒಂದು ತೊಟ್ಟಿ ಭತ್ತ ನೀರಿನಲ್ಲೇ ಹುಳಿಯಿತು. ಅದು ಎಮ್ಮಿಗನೂರು ಕಡೆಯ ಇಬ್ಬರು ಅಣ್ಣತಮ್ಮಂದಿರದು. ಅವರು ತಮ್ಮ ಖಾಲಿ ಚೀಲಗಳನ್ನು ಮಡಿಚಿಕೊಂಡು ಹೋದರು. ಇವತ್ತಿಗೂ ಆ ಇಬ್ಬರ ನಡಿಗೆ ನನ್ನ ಕಣ್ಣ ಮುಂದಿದೆ.

ಕರಾವಳಿಯಿಂದ ಉತ್ತರ ಬಂದದ್ದು ಆ ವಾರದ ಕೊನೆಗೆ. ಅಧಿಕಾರಿಗಳು ತಾವೇ ಜೀಪಿನಲ್ಲಿ ಕುರುಗೋಡಿಗೆ ಬಂದರು. ಇಳಿಯುವ ಮೊದಲೇ, “ಇನ್ನೂ ಕಳಸ್ರಿ ಅಂದಾರ,” ಎಂದರು. ಮಾಲೀಕರು ತೊಟ್ಟಿಯಂಚಿನಿಂದ ಇಳಿದು ಬಂದು ಅವರಿಗೆ ಕೈ ಮುಗಿದರು. ಆಮೇಲೆ ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ತೊಟ್ಟಿಗಳು ಆ ತಿಂಗಳು ಮುಗಿಯುವ ತನಕ ನಡೆದವು. ತಾಲ್ಲೂಕಿನಲ್ಲಿ ಹೋದದ್ದರ ಮುಂದೆ ಉಳಿದದ್ದು ಸಣ್ಣ ರಾಶಿ. ನಮ್ಮಲ್ಲಿ ತೊಟ್ಟಿಯಿದ್ದ ಮಿಲ್ಲು ಒಂದೇ, ಗೊತ್ತಾದದ್ದೂ ತಡವಾಗಿ. ಆದರೂ ಸಿರುಗುಪ್ಪದ ಖರೀದಿ ಕೇಂದ್ರ ಮುಚ್ಚಲಿಲ್ಲ. ವರದಿಯಲ್ಲಿ ‘ತಾಲ್ಲೂಕು’ ಎಂಬ ಪದ ಹೋಗಿ ಬಂಡಿಗಳ ವಿವರ ಬಂದಿತ್ತು.

ಹಡಗಿನ ಅಕ್ಕಿಯೂ ಬಂತು. ಬಳ್ಳಾರಿಯ ಗೂಡ್ಸ್ ಶೆಡ್ಡಿನಲ್ಲಿ ವ್ಯಾಗನ್ನಿನ ಬಾಗಿಲು ತೆರೆದಾಗ ಕೊಳವೆ ಚುಚ್ಚಿ ಕಾಳು ತೆಗೆದವಳು ನಾನೇ. ಬೆಳ್ಳಗೆ, ಉದ್ದಕ್ಕೆ, ಒಂದೇ ಸಮ ಇತ್ತು. ದೋಷ ಹುಡುಕಬೇಕೆಂದು ಮನಸ್ಸು ಒಂದು ಗಳಿಗೆ ಎಳೆಯಿತು. ಇರಲಿಲ್ಲ. ಯೋಗ್ಯ ಎಂದು ಬರೆದೆ. ಆ ವಾರ ಬ್ರೂಸ್‌ಪೇಟೆಯ ಪಡಿತರ ಅಂಗಡಿಯ ಮುಂದೆ ಸಾಲು ನಿಂತಿತು, ಅವ್ವನೂ ಸಾಲಿನಲ್ಲಿದ್ದಳು. ಅದನ್ನು ನೋಡಿದ ಮೇಲೆ, ಹೊರಗಿನಿಂದ ತರುವುದೇ ತಪ್ಪು ಎಂದು ವಾದಿಸುವ ಧೈರ್ಯ ನನಗೆ ಮತ್ತೆಂದೂ ಬರಲಿಲ್ಲ. ಹೇಗೂ ಹಡಗು ಬರುತ್ತದಲ್ಲ ಎಂದು ಇಲ್ಲಿಯದನ್ನು ಕೈಬಿಡುವ ಮಾತು ಕೇಳಿದಾಗಲೂ ಸುಮ್ಮನಿರಲು ಆಗಲಿಲ್ಲ. ಈ ಎರಡರ ನಡುವೆಯೇ ನನ್ನ ಉಳಿದ ನೌಕರಿ ನಡೆಯಿತು.

ಬೇಸಿಗೆ ಬೆಳೆಗೆ ಕಾಲುವೆಗೆ ನೀರು ಬಿಟ್ಟ ಮೇಲೆ ಒಂದು ದಿನ ಸಿರುಗುಪ್ಪಕ್ಕೆ ಹೋದವಳು ಕರೂರಿನ ಬಸ್ಸು ಹತ್ತಿದೆ. ಆಕೆ ಗದ್ದೆಯಲ್ಲಿಯೇ ಸಿಕ್ಕಳು. ಸಸಿಯ ಮಡಿ ಬೆರಳುದ್ದ ಎದ್ದಿತ್ತು. ನನ್ನನ್ನು ನೋಡಿ ಕೈಯ ಕೆಸರನ್ನು ನೀರಿನಲ್ಲಿ ತೊಳೆದುಕೊಂಡು ಬದುವಿಗೆ ಬಂದಳು.

“ಹಡಗಿನ ಅಕ್ಕಿ ಬಂತಂತಲ್ರಿ?”

“ಬಂತು ಅಕ್ಕ.”

“ಹೆಂಗೈತಿ?”

“ಚಲೋ ಐತಿ. ಒಂದು ಕಾಳು ಕೆಟ್ಟಿಲ್ಲ.”

“ಬೆಳದಾಕಿ ಯಾರೋ ಪುಣ್ಯಾತಗಿತ್ತಿ. ಆಕಿಗೆ ಬಿಸಿಲು ಸಿಕ್ಕೈತಿ,” ಎಂದಳು. ಆ ಮಾತಿನಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ. ಎಲ್ಲಿಯದೋ ಗದ್ದೆಯಲ್ಲಿ ತನ್ನಂತೆಯೇ ಸೀರೆ ಎತ್ತಿ ಕಟ್ಟಿದ ಒಬ್ಬ ಹೆಂಗಸನ್ನು ಆಕೆ ಅಲ್ಲಿಯೇ ನಿಂತು ಕಾಣುತ್ತಿದ್ದಳು. ಅಷ್ಟು ವರ್ಷ ಹಡಗಿನ ಅಕ್ಕಿಯನ್ನು ಪರೀಕ್ಷಿಸಿದ ನನಗೆ, ಅದನ್ನು ಬೆಳೆದವರು ಇದ್ದಾರೆಂಬುದು ಒಮ್ಮೆಯೂ ನೆನಪಾಗಿರಲಿಲ್ಲ.

“ಈ ಸಲ ತಗೊಂತೀರೇನ್ರಿ?” ಎಂದು ಕೇಳಿದಳು.

“ಮಳಿ ಬಂದ್ರ ಏನಾಗ್ತೈತಿ ಅಂತ ನನಗ ಹೇಳಾಕ ಬರೂದಿಲ್ಲ.”

“ಮಳಿ ಸುದ್ದಿ ಬಿಡ್ರಿ. ಅದರ ಕೂಡ ನಾ ನೋಡ್ಕೊಂತೀನಿ. ನೀವು ಎಲ್ಲಾ ಮುಗದ ಮ್ಯಾಲ ತಟ್ಟಿ ಹಿಡಕೊಂಡು ಬರ್ತೀರಿ. ಮೊದ್ಲ ಬರ್ರಿ. ಕುಡಗೋಲು ಹಾಕೂಕಿಂತ ಮೊದ್ಲು.”

ನಮ್ಮ ಕಚೇರಿಯಲ್ಲಿ ಅಂಥ ಪದ್ಧತಿ ಇರಲಿಲ್ಲ. ನಾವು ನೋಡುತ್ತಿದ್ದದ್ದು ಚೀಲಕ್ಕೆ ತುಂಬಿದ ಮೇಲೆ. ಬಳ್ಳಾರಿಗೆ ಬಂದು ಅಧಿಕಾರಿಗಳಿಗೆ ಹೇಳಿದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ, “ಬಸ್ಸಿಗೆ ಹೋಗು. ಜೀಪು ಕೊಡಾಕ ಆಗೂದಿಲ್ಲ,” ಎಂದರು.

ಬಸ್ಸಿನಲ್ಲೇ ಹೋದೆ. ಭತ್ತ ಹಳದಿಗೆ ತಿರುಗಿತ್ತು, ಕೊಯ್ಲು ಹತ್ತಿರ ಬಂದಿತ್ತು. ಆಕೆ ನನ್ನನ್ನು ಬದುವಿನ ಮೇಲೆ ಮುಂದೆ ಬಿಟ್ಟು ತಾನು ಹಿಂದೆ ನಡೆದಳು. ಒಂದು ತೆನೆ ಕಿತ್ತು ಅಂಗೈಯಲ್ಲಿ ಉಜ್ಜಿ, ಕಾಳನ್ನು ಹಲ್ಲಿನ ನಡುವೆ ಇಟ್ಟು ನೋಡಿದೆ. ಇನ್ನೂ ಸ್ವಲ್ಪ ಹಾಲಿತ್ತು.

“ನಾಲ್ಕು ದಿನ ತಡಿ ಅಕ್ಕ,” ಎಂದೆ.

“ತಡಿತೀನಿ,” ಎಂದಳು. ಇಬ್ಬರೂ ತಲೆಯೆತ್ತಿ, ಹಿಂದಿನ ಸಲ ಮಳೆ ಬಂದಿದ್ದ ಪೂರ್ವದ ಕಡೆ ಆಕಾಶ ನೋಡಿದ್ದು ಒಂದೇ ಸಲ.